ಗಾಸ್ ಲೆಕ್ಕ ಯುರೇನಸ್ ತನಕ

ನಮ್ಮ ಕ್ಲಾಸಿನಲ್ಲಿ ಗಾಸ್ ಎಂದರೆ ಮನುಷ್ಯನ ಹೆಸರಲ್ಲ, ಪರೀಕ್ಷೆಗೆ ಬರುವ ಪ್ರಶ್ನೆ. ಗಣಿತದಲ್ಲಿ ಗಾಸ್ ಎಲಿಮಿನೇಷನ್, ಗಾಸ್-ಸೈಡಲ್. ಭೌತವಿಜ್ಞಾನದಲ್ಲಿ ಗಾಸ್ ನಿಯಮ. ಕಮ್ಯುನಿಕೇಷನ್ ಪೇಪರಿನಲ್ಲಿ ಗಾಸಿಯನ್ ನಾಯ್ಸ್. ಎರಡೂವರೆ ವರ್ಷ ಈ ಹೆಸರನ್ನು ಬರೆದು ಬರೆದು ಪಾಸಾಗಿದ್ದೇನೆ. ಇವರು ಯಾವ ಊರಿನವರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಕೈಕೊಟ್ಟ ಮೇಲೆ ಯೋಚಿಸಬೇಕಾಯಿತು.

ನಾವು ನಾಲ್ವರು ಸೇರಿ ತೋಟದ ಸಾಲಿನ ನಡುವೆ ತಾನಾಗಿ ನೆಟ್ಟಗೆ ಹೋಗುವ ಪುಟ್ಟ ಗಾಡಿಯೊಂದನ್ನು ಮಾಡಲು ಹೊರಟಿದ್ದೆವು. ದಿಕ್ಕು ಹೇಳುವುದಕ್ಕೆ ಉಗುರಿನಷ್ಟು ದೊಡ್ಡ ಮ್ಯಾಗ್ನೆಟೋಮೀಟರ್ ಚಿಪ್. ಮೇಜಿನ ಮೇಲಿಟ್ಟರೆ ಉತ್ತರವನ್ನು ಸರಿಯಾಗಿ ತೋರಿಸುತ್ತಿತ್ತು. ಮೋಟರ್ ಚಾಲೂ ಮಾಡಿದರೆ ಸಾಕು, ಅದರ ಉತ್ತರ ಎಲ್ಲೋ ಹೋಗಿ ಗಾಡಿ ಇದ್ದಲ್ಲೇ ಗಿರಗಿರನೆ ಸುತ್ತುತ್ತಿತ್ತು. ಒಂದು ವಾರ ಕೋಡ್ ತಿದ್ದಿದೆವು. ಕೊನೆಗೆ ಲ್ಯಾಬಿನ ಅಟೆಂಡರ್ ಅಣ್ಣ ಬಂದು ನೋಡಿ, ಚಿಪ್ಪನ್ನು ಮೋಟರಿನ ಪಕ್ಕದಿಂದ ತೆಗೆದು ಒಂದು ಪಿವಿಸಿ ಪೈಪಿನ ತುದಿಗೆ ಕಟ್ಟಲು ಹೇಳಿದರು. ಮೊಳದುದ್ದದ ಪೈಪು. ಮುಕ್ಕಾಲು ಪಾಲು ರೋಗ ವಾಸಿಯಾಯಿತು.

ರಿಪೋರ್ಟಿಗೆ ಹಿನ್ನೆಲೆ ಬರೆಯಲೆಂದು ಇಂಥ ಪೈಪನ್ನು ಬೇರೆ ಯಾರು ಬಳಸಿದ್ದಾರೆ ಎಂದು ಹುಡುಕುತ್ತಾ ಹೋದೆ. ವಾಯೇಜರ್ 2 ನೌಕೆ ಸಿಕ್ಕಿತು. ಅದಕ್ಕಿದ್ದದ್ದು 13 ಮೀಟರ್ ಉದ್ದದ ಫೈಬರ್‌ಗ್ಲಾಸ್ ಕೋಲು. ಮಡಚಿ ಡಬ್ಬಿಯಲ್ಲಿಟ್ಟು ಕಳಿಸಿ, ಆಕಾಶದಲ್ಲಿ ಬಿಚ್ಚಿಕೊಳ್ಳುವಂತೆ ಮಾಡಿದ್ದರು. 1986ರಲ್ಲಿ ಅದು ಯುರೇನಸ್ ಪಕ್ಕದಲ್ಲಿ ಹಾದು ಹೋಗಿ ಆ ಗ್ರಹದ ಕಾಂತಕ್ಷೇತ್ರವನ್ನು ಅಳೆದಿತ್ತು. ಅಳತೆಯ ಫಲಿತಾಂಶ ಒಂದು ಸಣ್ಣ ಪಟ್ಟಿ. ಅದರ ಸಂಖ್ಯೆಗಳಿಗೆ ಹೆಸರು ಗಾಸ್ ಗುಣಾಂಕಗಳು. ಇಲ್ಲೂ ನೀವೇನಾ ಮಹಾರಾಯರೇ ಎಂದುಕೊಂಡು ಆ ಮನುಷ್ಯನ ಕಥೆ ಓದಲು ಕೂತೆ.

ಅದಕ್ಕೂ ಮೊದಲು ಇನ್ನೊಂದು ವಿಷಯ ಹೇಳಿಬಿಡಬೇಕು. ನಮ್ಮ ರಿಪೋರ್ಟಿನಲ್ಲಿ ಚಿಪ್ಪಿನ ದೋಷವನ್ನು ಪೂರ್ತಿ 360 ಡಿಗ್ರಿಗೆ ತೋರಿಸುವ ಅಂದವಾದ ಗ್ರಾಫ್ ಇತ್ತು. ನಿಜವಾಗಿ ಅಳೆದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಬ್ಯಾಟರಿ ಮುಗಿದಿತ್ತು, ಲ್ಯಾಬ್ ಮುಚ್ಚುವ ಹೊತ್ತಾಗಿತ್ತು. ಉಳಿದ ಚುಕ್ಕೆಗಳನ್ನು ನಾನೇ ಹಾಸ್ಟೆಲಿನಲ್ಲಿ ಕೂತು ಇಟ್ಟೆ. ರೀಡಿಂಗ್ ಕುಕ್ ಮಾಡುವುದು ಎಂದರೇನೆಂದು ಎಂಜಿನಿಯರಿಂಗ್ ಓದಿದವರಿಗೆ ನಾನು ವಿವರಿಸಬೇಕಿಲ್ಲ.

ಕಾರ್ಲ್ ಫ್ರೆಡ್ರಿಕ್ ಗಾಸ್ ಹುಟ್ಟಿದ್ದು 1777ರಲ್ಲಿ, ಜರ್ಮನಿಯ ಬ್ರೌನ್‌ಶ್ವೈಗ್ ಎಂಬ ಊರಿನಲ್ಲಿ. ಅಪ್ಪ ತೋಟದ ಕೆಲಸ, ಗಾರೆ ಕೆಲಸ, ಕಾಲುವೆ ಕೆಲಸ ಹೀಗೆ ಸಿಕ್ಕಿದ್ದನ್ನು ಮಾಡುತ್ತಿದ್ದವರು. ಅಮ್ಮ ಮದುವೆಗೆ ಮುಂಚೆ ಮನೆಗೆಲಸಕ್ಕಿದ್ದವರು, ಅವರಿಗೆ ಬರೆಯಲು ಬರುತ್ತಿರಲಿಲ್ಲ. ಮಗ ಹುಟ್ಟಿದ ತಾರೀಕು ಅವರಿಗೆ ಗೊತ್ತಿರಲಿಲ್ಲ. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚೆ, ಒಂದು ಬುಧವಾರ ಎಂಬುದಷ್ಟೇ ನೆನಪು. ನಮ್ಮ ಕಡೆ ಇಂಥವರಿಗೆಲ್ಲ ಶಾಲೆಯ ಮೇಷ್ಟ್ರು ಜೂನ್ 1 ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನನ್ನ ಅಜ್ಜ, ಅವರ ತಮ್ಮ, ತಂಗಿ ಮೂವರೂ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿದವರು. ಗಾಸ್ ದೊಡ್ಡವರಾದ ಮೇಲೆ ಯಾವ ವರ್ಷ ಈಸ್ಟರ್ ಯಾವ ತಾರೀಕಿಗೆ ಬರುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನೇ ಕಂಡುಹಿಡಿದರು. ಅಮ್ಮ ಹೇಳಿದ ಬುಧವಾರ ಏಪ್ರಿಲ್ 30 ಆಗಿತ್ತು.

ಶಾಲೆಯಲ್ಲಿ ಒಂದರಿಂದ ನೂರರವರೆಗೆ ಕೂಡಿದ ಕಥೆ ನಿಮಗೆ ಗೊತ್ತೇ ಇದೆ, ಬಿಡಿ. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಆ ಶಾಲೆಯಲ್ಲಿ ಸಹಾಯಕನಾಗಿದ್ದ ಬಾರ್ಟೆಲ್ಸ್ ಎಂಬ ಯುವಕ. ಗಾಸ್‌ಗಿಂತ ಎಂಟೇ ವರ್ಷ ದೊಡ್ಡವನು. ಇಬ್ಬರೂ ಕೂತು ಬೀಜಗಣಿತ ಓದುತ್ತಿದ್ದರು. ಈ ಹುಡುಗನ ಸುದ್ದಿ ಮೆಲ್ಲಗೆ ಊರಿನ ದೊರೆಯ ಕಿವಿಗೆ ಬಿತ್ತು. ಬ್ರೌನ್‌ಶ್ವೈಗ್‌ನ ಡ್ಯೂಕ್ 1791ರಿಂದ ಹಣ ಕೊಡಲು ಒಪ್ಪಿದರು. ಗಾಸ್‌ಗೆ ಆಗ 14 ವರ್ಷ. ಓದು ಹೊಟ್ಟೆಗೆ ಹಾಕದು ಎಂದು ನಂಬಿದ್ದ ಅಪ್ಪನೂ ಸುಮ್ಮನಾದರು. ಈಗಿನ ಮಾತಿನಲ್ಲಿ ಹೇಳುವುದಾದರೆ ಪೂರ್ತಿ ಸ್ಕಾಲರ್‌ಶಿಪ್. ಕಾಲೇಜು, ಗೋಟಿಂಗೆನ್ ವಿಶ್ವವಿದ್ಯಾಲಯ, 1799ರಲ್ಲಿ ಡಾಕ್ಟರೇಟ್, ಎಲ್ಲವೂ ಆ ಹಣದಲ್ಲೇ.

24ನೇ ವಯಸ್ಸಿನಲ್ಲಿ ಗಾಸ್ ಯುರೋಪಿಗೆಲ್ಲ ಪರಿಚಯವಾದರು, ಅದೂ ಕಳೆದುಹೋದ ಒಂದು ವಸ್ತುವಿನ ದೆಸೆಯಿಂದ. 1801ರ ಜನವರಿ 1ರಂದು ಇಟಲಿಯ ಪಿಯಾಜ್ಜಿ ಆಕಾಶದಲ್ಲಿ ಹೊಸದೊಂದು ಚುಕ್ಕೆಯನ್ನು ಕಂಡಿದ್ದರು. ಅದೇ ಸೆರೆಸ್. ಸುಮಾರು 40 ದಿನ ಅದನ್ನು ಹಿಂಬಾಲಿಸಿದರು. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮತ್ತೆ ಎಲ್ಲಿ ಮೂಡುತ್ತದೆಂದು ಯಾರಿಗೂ ಗೊತ್ತಿಲ್ಲ. ಪೂರ್ತಿ ಸುತ್ತಿನಲ್ಲಿ ಕಂಡದ್ದು ಒಂದು ತುಣುಕು ಮಾತ್ರ. ಗಾಸ್ ಆ ತುಣುಕಿನಿಂದಲೇ ಇಡೀ ಕಕ್ಷೆಯನ್ನು ಲೆಕ್ಕ ಹಾಕಿ ಕೊಟ್ಟರು. ವರ್ಷದ ಕೊನೆಯ ದಿನ ಸೆರೆಸ್ ಅವರು ಹೇಳಿದ ಜಾಗದ ಹತ್ತಿರವೇ ಸಿಕ್ಕಿತು. ಪ್ರತಿ ಅಳತೆಯಲ್ಲೂ ಸ್ವಲ್ಪ ತಪ್ಪಿರುತ್ತದೆ, ಎಲ್ಲ ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಉತ್ತರ ಆರಿಸಬೇಕು ಎಂಬ ಲೀಸ್ಟ್ ಸ್ಕ್ವೇರ್ಸ್ ವಿಧಾನವನ್ನು ಅವರು 1809ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಲೆಜಾಂಡ್ರ್ ಅದನ್ನು 1805ರಲ್ಲೇ ಅಚ್ಚು ಹಾಕಿಸಿದ್ದರು. ತಾನು ಹತ್ತು ವರ್ಷ ಮುಂಚೆಯೇ ಬಳಸುತ್ತಿದ್ದೆ ಎಂದು ಗಾಸ್ ಹೇಳಿದ್ದು ಲೆಜಾಂಡ್ರ್‌ಗೆ ಬಹಳ ನೋವು ತಂದಿತು. ಇದು ಗಾಸ್ ಅವರ ಹಳೆಯ ಚಾಳಿ. ಕೆಲವೇ ಹಣ್ಣುಗಳಿರುವ ಮರ ಅವರ ಮೊಹರಿನ ಚಿತ್ರವಾಗಿತ್ತು. ಪೂರ್ತಿ ಹಣ್ಣಾಗದ್ದನ್ನು ಹೊರಗೆ ಬಿಡುತ್ತಿರಲಿಲ್ಲ. ಬೇರೆಯವರು ಬಿಟ್ಟಾಗ ತನಗೆ ಮೊದಲೇ ಗೊತ್ತಿತ್ತು ಎನ್ನುತ್ತಿದ್ದರು.

ಡ್ಯೂಕ್ 1806ರಲ್ಲಿ ನೆಪೋಲಿಯನ್ ಸೈನ್ಯದ ಎದುರು ಹೋರಾಡಿ ಗಾಯಗೊಂಡು ತೀರಿಕೊಂಡರು. ಸ್ಕಾಲರ್‌ಶಿಪ್ ಅಲ್ಲಿಗೆ ನಿಂತಿತು. ಮನೆಯಲ್ಲಿ ಹೆಂಡತಿ, ಪುಟ್ಟ ಮಗು. ಯುರೋಪಿನ ದೊಡ್ಡ ಗಣಿತಜ್ಞ ಆಗ ನಮ್ಮ ನಿಮ್ಮ ಹಾಗೆ ನೌಕರಿ ಹುಡುಕುವ ಮನುಷ್ಯ. 1807ರಲ್ಲಿ ಗೋಟಿಂಗೆನ್ ವೀಕ್ಷಣಾಲಯದ ನಿರ್ದೇಶಕನ ಕೆಲಸ ಸಿಕ್ಕಿತು. ಸಾಯುವವರೆಗೂ ಅದೇ ಕೆಲಸ. ಎರಡು ವರ್ಷಕ್ಕೆ ಹೆಂಡತಿ ಯೋಹಾನ್ನಾ ಹೆರಿಗೆಯ ನಂತರ ತೀರಿಕೊಂಡರು, ಕೆಲವು ತಿಂಗಳಲ್ಲಿ ಆ ಮಗುವೂ ಹೋಯಿತು. ಮತ್ತೆ ಮದುವೆಯಾದರು. ಎರಡನೇ ಹೆಂಡತಿ ಮಿನ್ನಾ ವರ್ಷಗಟ್ಟಲೆ ಕಾಯಿಲೆಯಿಂದ ನರಳಿ 1831ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಹಿಂದೆ ಮಗ ಯೂಜೀನ್ ಅಪ್ಪನ ಜೊತೆ ಜಗಳವಾಡಿ ಅಮೆರಿಕಕ್ಕೆ ಹೊರಟುಹೋಗಿದ್ದ.

ಗಾಸ್ ಅವರಿಗೆ ಆಗ 54. ಅದೇ ವರ್ಷ ಗೋಟಿಂಗೆನ್‌ಗೆ ವಿಲ್ಹೆಲ್ಮ್ ವೇಬರ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರು ಬಂದರು. ವಯಸ್ಸು ಸುಮಾರು 27. ಮೂರು ವರ್ಷ ಹಿಂದೆ ಹಂಬೋಲ್ಟ್ ಬರ್ಲಿನ್‌ನಲ್ಲಿ ಇಬ್ಬರಿಗೂ ಪರಿಚಯ ಮಾಡಿಸಿದ್ದರು. ತಮ್ಮ ಅರ್ಧ ವಯಸ್ಸಿನ ವೇಬರ್ ಜೊತೆ ಗಾಸ್ ಪೂರ್ತಿ ಹೊಸ ವಿಷಯವೊಂದಕ್ಕೆ ಕೈಹಾಕಿದರು. ಭೂಮಿಯ ಕಾಂತತ್ವ.

ಆ ಕಾಲದಲ್ಲಿ ಭೂಮಿಯ ಕಾಂತಕ್ಷೇತ್ರದ ಬಲವನ್ನು ಅಳೆಯುವ ಕ್ರಮ ಸ್ವಲ್ಪ ತಮಾಷೆಯಾಗಿತ್ತು. ಒಂದೇ ಸೂಜಿಯನ್ನು ಊರಿಂದೂರಿಗೆ ಹೊತ್ತೊಯ್ದು ಎಲ್ಲಿ ಎಷ್ಟು ಬೇಗ ಓಲಾಡುತ್ತದೆ ಎಂದು ನೋಡುವುದು. ಬೇಗ ಓಲಾಡಿದರೆ ಕ್ಷೇತ್ರ ಬಲವಾಗಿದೆ ಎಂದರ್ಥ. ಆದರೆ ದಾರಿಯಲ್ಲಿ ಸೂಜಿಯ ಶಕ್ತಿಯೇ ಕುಗ್ಗಿದ್ದರೆ? ಓಲಾಟದಿಂದ ಸಿಗುವುದು ಸೂಜಿಯ ಶಕ್ತಿ ಮತ್ತು ಭೂಮಿಯ ಕ್ಷೇತ್ರ ಎರಡರ ಗುಣಲಬ್ಧ. ಯಾವುದು ಎಷ್ಟು ಎಂದು ಬಿಡಿಸಲಾಗದು. ಗಾಸ್ 1832ರಲ್ಲಿ ಇನ್ನೊಂದು ಪ್ರಯೋಗ ಸೇರಿಸಿದರು. ಅದೇ ಆಯಸ್ಕಾಂತವನ್ನು ಬೇರೊಂದು ಸೂಜಿಯ ಪಕ್ಕದಲ್ಲಿಟ್ಟು, ಸೂಜಿ ಎಷ್ಟು ತಿರುಗುತ್ತದೆ ಎಂದು ನೋಡಿದರು. ಇದರಿಂದ ಸಿಗುವುದು ಅವೆರಡರ ಅನುಪಾತ. ಗುಣಲಬ್ಧ ಗೊತ್ತು, ಅನುಪಾತ ಗೊತ್ತು. ಭಾಗಿಸಿ ವರ್ಗಮೂಲ ತೆಗೆದರೆ ಸೂಜಿಯ ಶಕ್ತಿ ಹಾರಿಹೋಗಿ ಭೂಮಿಯ ಕ್ಷೇತ್ರ ಮಾತ್ರ ಉಳಿಯುತ್ತದೆ. ಉತ್ತರ ಬರುವುದು ಉದ್ದ, ತೂಕ, ಕಾಲದ ಅಳತೆಗಳಲ್ಲಿ. ಸೂಜಿ ಯಾರದ್ದಾದರೂ ಚಿಂತೆಯಿಲ್ಲ. ಎರಡು ಅಜ್ಞಾತಗಳಿಗೆ ಎರಡು ಸಮೀಕರಣ, ಅಷ್ಟೇ. ಪಿಯುಸಿ ಲ್ಯಾಬಿನ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದ ಮರದ ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರ್ ಈ ಎರಡನೇ ಪ್ರಯೋಗದ ಮೊಮ್ಮಗ ಎಂದು ನನಗೆ ಈಗ ಗೊತ್ತಾಯಿತು.

1833ರಲ್ಲಿ ಇಬ್ಬರೂ ವೀಕ್ಷಣಾಲಯದ ಬಳಿ ಕಾಂತದ ಅಳತೆಗೆಂದೇ ಒಂದು ಮನೆ ಕಟ್ಟಿಸಿದರು. ಅದರಲ್ಲಿ ಕಬ್ಬಿಣವೇ ಇಲ್ಲ. ಸಾಮಾನ್ಯವಾಗಿ ಕಬ್ಬಿಣ ಇರುವ ಕಡೆಯೆಲ್ಲ ತಾಮ್ರ. ಇದನ್ನು ಓದುವಾಗ ನನಗೆ ನಮ್ಮ ಪಿವಿಸಿ ಪೈಪು ಕಣ್ಣ ಮುಂದೆ ಬಂತು. ಅದೇ ವರ್ಷ ಊರ ಮೇಲೆ ತಂತಿ ಎಳೆದು, ಸುಮಾರು ಒಂದು ಕಿಲೋಮೀಟರ್ ದೂರಕ್ಕೆ ಟೆಲಿಗ್ರಾಫ್ ಸಂದೇಶವನ್ನೂ ಕಳಿಸಿದರು. ಬೇರೆಯವರಾಗಿದ್ದರೆ ಅದರಲ್ಲೇ ಕಂಪನಿ ತೆರೆಯುತ್ತಿದ್ದರು. ಇವರಿಗೆ ಅದು ಪಕ್ಕದ ಕೆಲಸ. ದೇಶ ದೇಶಗಳ ವೀಕ್ಷಕರನ್ನು ಒಂದು ಸಂಘಕ್ಕೆ ಸೇರಿಸಿಕೊಂಡು, ಗೊತ್ತುಮಾಡಿದ ದಿನಗಳಲ್ಲಿ ಎಲ್ಲರೂ 24 ಗಂಟೆ, ಪ್ರತಿ 5 ನಿಮಿಷಕ್ಕೊಮ್ಮೆ ಸೂಜಿ ನೋಡುವ ಏರ್ಪಾಡು ಮಾಡಿದರು. ಈ ಅಳತೆಯ ಉತ್ಸಾಹ ನಮ್ಮ ದೇಶಕ್ಕೂ ಬಂತು. ಮುಂಬೈಯ ಕೊಲಾಬಾದಲ್ಲಿ 1841ರಲ್ಲಿ ಕಾಂತದ ಅಳತೆ ಶುರುವಾಯಿತು. ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದಾಗ, ಅದರ ಕಾಟ ಬೇಡವೆಂದು 1904ರಲ್ಲಿ ಅಲಿಬಾಗ್‌ಗೆ ಸ್ಥಳಾಂತರವಾಯಿತು. ಅಲ್ಲಿ ಈಗಲೂ ಅಳೆಯುತ್ತಿದ್ದಾರೆ.

ಇನ್ನು ದೊಡ್ಡ ಕೆಲಸ. 1839ರಲ್ಲಿ ಗಾಸ್ ಭೂಕಾಂತತ್ವದ ಸಾಮಾನ್ಯ ಸಿದ್ಧಾಂತವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ವಿದ್ವಾಂಸರು ಭೂಮಿಯೊಳಗೆ ಒಂದು ಆಯಸ್ಕಾಂತ ಇದೆ, ಇಲ್ಲ, ಎರಡು ಇವೆ ಎಂದು ಊಹಿಸಿ ಅಳತೆಗೆ ಹೊಂದಿಸುತ್ತಿದ್ದರು. ಗಾಸ್ ಒಳಗೆ ಏನಿದೆ ಎಂಬ ಊಹೆಯನ್ನೇ ಬಿಟ್ಟುಬಿಟ್ಟರು. ಹೊರಗಿನ ಅಳತೆಯಿಂದ ಒಳಗಿನ ಜೋಡಣೆ ಹೀಗೇ ಇದೆ ಎಂದು ಹೇಳಲಾಗದು ಎಂಬುದು ಅವರಿಗೆ ಗೊತ್ತಿತ್ತು. ಆದರೆ ಹೊರಗೆ ಕ್ಷೇತ್ರ ಹೇಗಿದೆ ಎಂದು ಹೇಳಬಹುದು. ನಾವು ಫೂರಿಯರ್ ಸೀರೀಸ್‌ನಲ್ಲಿ ಎಂಥ ಅಲೆಯನ್ನೂ ಸೈನ್, ಕೊಸೈನ್‌ಗಳಾಗಿ ಒಡೆಯುತ್ತೇವಲ್ಲ, ಗೋಳದ ಮೇಲೆ ಅದೇ ಕೆಲಸ. ಮೊದಲ ಹಂತ ನಡುವಿನಲ್ಲಿಟ್ಟ ಸರಳ ದಂಡಕಾಂತದ ಹಾಗೆ, ಅದಕ್ಕೆ 3 ಸಂಖ್ಯೆ ಸಾಕು. ಮುಂದಿನ ಹಂತಕ್ಕೆ 5, ಆಮೇಲೆ 7, ಆಮೇಲೆ 9. ಹಂತ ಏರಿದಷ್ಟೂ ವಿವರ ಸೂಕ್ಷ್ಮ. ಗಾಸ್ ನಾಲ್ಕು ಹಂತಕ್ಕೆ ನಿಲ್ಲಿಸಿದರು. ಒಟ್ಟು 24 ಗುಣಾಂಕ. ಏಳು ಅಕ್ಷಾಂಶಗಳಲ್ಲಿ ಹನ್ನೆರಡರಂತೆ 84 ಜಾಗಗಳ ಬೆಲೆಗಳನ್ನು ಆಗಿನ ನಕ್ಷೆಗಳಿಂದ ಓದಿಕೊಂಡು, ಕೈಯಲ್ಲೇ ಲೆಕ್ಕ ಮಾಡಿದರು.

ಈ ಲೆಕ್ಕದಲ್ಲಿ ನನಗೆ ಮೈ ಜುಮ್ಮೆನಿಸಿದ್ದು ಬೇರೆ. ಗ್ರಹದ ಒಳಗಿಂದ ಬರುವ ಕ್ಷೇತ್ರ ದೂರ ಹೋದಂತೆ ಕುಗ್ಗುತ್ತದೆ. ಹೊರಗಿಂದ ಬರುವುದು ಹಾಗೆ ಕುಗ್ಗುವುದಿಲ್ಲ. ಸಮೀಕರಣದಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ಆದ್ದರಿಂದ ಅಳತೆ ಸಾಕಷ್ಟಿದ್ದರೆ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಬಿಡಿಸಬಹುದು. ಭೂಮಿಯ ಕಾಂತಕ್ಷೇತ್ರದ ಬಹುಪಾಲು ಒಳಗಿನದೇ ಎಂದು ಹಾಗೆ ಗೊತ್ತಾಯಿತು.

ಆದರೆ ಅಷ್ಟರಲ್ಲಿ ಜೋಡಿ ಒಡೆದಿತ್ತು. 1837ರಲ್ಲಿ ಹಾನೋವರ್‌ನ ಹೊಸ ರಾಜ ಸಂವಿಧಾನವನ್ನು ರದ್ದು ಮಾಡಿದ. ಗೋಟಿಂಗೆನ್‌ನ ಏಳು ಪ್ರಾಧ್ಯಾಪಕರು ವಿರೋಧಿಸಿ ಸಹಿ ಹಾಕಿದರು, ಕೆಲಸ ಕಳೆದುಕೊಂಡರು. ಅವರಲ್ಲಿ ವೇಬರ್ ಇದ್ದರು, ಗಾಸ್ ಅವರ ಅಳಿಯ ಏವಾಲ್ಡ್ ಇದ್ದರು. ಗಾಸ್ ಸಹಿ ಹಾಕಲಿಲ್ಲ, ಬಹಿರಂಗವಾಗಿ ಮಾತೂ ಆಡಲಿಲ್ಲ. ವೇಬರ್ ಅವರನ್ನು ಉಳಿಸಿಕೊಳ್ಳಲು ತೆರೆಮರೆಯಲ್ಲಿ ಪ್ರಯತ್ನಿಸಿದರು, ಅದು ಫಲಿಸಲಿಲ್ಲ. ವಯಸ್ಸು 60, ಮನೆಯಲ್ಲಿ 90 ದಾಟಿದ, ಕಣ್ಣು ಕಾಣದ ಅಮ್ಮ, ಎಲ್ಲ ನಿಜ. ಆದರೂ ಈ ಪುಟ ಓದುವಾಗ ನನಗೆ ಗಾಸ್ ಇಷ್ಟವಾಗಲಿಲ್ಲ. ವೇಬರ್ ಕೆಲಸವಿಲ್ಲದೆ ಕೆಲವು ವರ್ಷ ಅಲ್ಲೇ ಇದ್ದು, 1843ರಲ್ಲಿ ಲೈಪ್‌ಜಿಗ್‌ಗೆ ಹೋದರು. 1849ರಲ್ಲಿ ವಾಪಸ್ ಬಂದರು. ಹಳೆಯ ವೇಗ ಮಾತ್ರ ಮತ್ತೆ ಬರಲಿಲ್ಲ. ಗಾಸ್ ಆ ನಡುವೆ, 60 ದಾಟಿದ ಮೇಲೆ, ರಷ್ಯನ್ ಭಾಷೆ ಕಲಿತುಕೊಂಡರು. 1855ರ ಫೆಬ್ರವರಿ 23ರಂದು ತೀರಿಕೊಂಡರು. ಕಾಂತಕ್ಷೇತ್ರ ಅಳೆಯುವ ಒಂದು ಮಾನಕ್ಕೆ ಅವರ ಹೆಸರಿಟ್ಟರು. ಹತ್ತು ಸಾವಿರ ಗಾಸ್ ಸೇರಿದರೆ ಒಂದು ಟೆಸ್ಲಾ.

ಅವರು ಹುಟ್ಟಿ ಸರಿಯಾಗಿ 200 ವರ್ಷಕ್ಕೆ, 1977ರ ಆಗಸ್ಟ್ 20ರಂದು ವಾಯೇಜರ್ 2 ಹೊರಟಿತು. 1986ರ ಜನವರಿ 24ರಂದು ಯುರೇನಸ್ ಮೋಡಗಳಿಂದ ಸುಮಾರು 81,500 ಕಿಲೋಮೀಟರ್ ದೂರದಲ್ಲಿ ಹಾದು ಹೋಯಿತು. ನಿಲ್ಲುವಂತಿಲ್ಲ, ತಿರುಗಿ ಬರುವಂತಿಲ್ಲ. ನಿಲುಗಡೆ ಇಲ್ಲದ ಊರನ್ನು ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ. ಆ ಓಟದಲ್ಲಿ ಮ್ಯಾಗ್ನೆಟೋಮೀಟರ್ ತನ್ನ ದಾರಿಯುದ್ದಕ್ಕೂ ಕ್ಷೇತ್ರದ ಮೂರು ದಿಕ್ಕಿನ ಬೆಲೆಗಳನ್ನು ಬರೆಯುತ್ತಾ ಹೋಯಿತು. ಅತಿ ಹತ್ತಿರದಲ್ಲಿ ಸಿಕ್ಕಿದ್ದು ಸುಮಾರು 413 ನ್ಯಾನೋಟೆಸ್ಲಾ, ನಮ್ಮ ಅಂಗಳದಲ್ಲಿರುವುದರ ನೂರನೇ ಒಂದು ಭಾಗದಷ್ಟು.

ಇಷ್ಟು ಸಣ್ಣದನ್ನು ಅಳೆಯುವಾಗ ನೌಕೆಯ ಸ್ವಂತ ವಿದ್ಯುತ್ತೇ ಶತ್ರು, ನಮ್ಮ ಮೋಟರಿನ ಹಾಗೆ. ಅದಕ್ಕೇ 13 ಮೀಟರಿನ ಕೋಲು. ಅದರ ಮೇಲೆ ಮ್ಯಾಗ್ನೆಟೋಮೀಟರ್ ಒಂದಲ್ಲ, ಎರಡು: ತುದಿಯಲ್ಲೊಂದು, ನಡುವಿನಲ್ಲೊಂದು. ಗ್ರಹದ ಕ್ಷೇತ್ರ ಎರಡಕ್ಕೂ ಒಂದೇ. ನೌಕೆಯ ಕ್ಷೇತ್ರ ಹತ್ತಿರದ್ದಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ. ವ್ಯತ್ಯಾಸ ನೋಡಿದರೆ ನೌಕೆಯ ಪಾಲು ಎಷ್ಟೆಂದು ಗೊತ್ತಾಗುತ್ತದೆ, ಕಳೆದುಬಿಡಬಹುದು. ಬೆಂಗಳೂರಿನಲ್ಲಿ ತಯಾರಾದ ಆದಿತ್ಯ ಎಲ್1ರ ಮ್ಯಾಗ್ನೆಟೋಮೀಟರಿಗೂ ಇದೇ ಉಪಾಯ. 2024ರ ಜನವರಿಯಲ್ಲಿ ಬಿಚ್ಚಿಕೊಂಡ ಅದರ 6 ಮೀಟರ್ ಕೋಲಿನ ಮೇಲೆ 3 ಮತ್ತು 6 ಮೀಟರಿನಲ್ಲಿ ಎರಡು ಉಪಕರಣಗಳಿವೆ.

ನೌಕೆಯ ಪಾಲು ಕಳೆದ ಮೇಲೆ ಗಾಸ್ ಅವರ ಸರದಿ. ನಾರ್ಮನ್ ನೆಸ್ ನೇತೃತ್ವದ ತಂಡ ಒಳಗಿನ ಸಾಲು, ಹೊರಗಿನ ಸಾಲು ಎರಡನ್ನೂ ಬರೆದು ಲೀಸ್ಟ್ ಸ್ಕ್ವೇರ್ಸ್ ರೀತಿಯಲ್ಲಿ ಬಿಡಿಸಿತು. ಫಲಿತಾಂಶವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಭೂಮಿಯ ಕಾಂತಾಕ್ಷ ತಿರುಗುವ ಅಕ್ಷಕ್ಕೆ ಒಂಬತ್ತು ಹತ್ತು ಡಿಗ್ರಿ ವಾಲಿದೆ. ಯುರೇನಸ್‌ನದು 59 ಡಿಗ್ರಿ. ಅಷ್ಟೇ ಅಲ್ಲ, ಅದರ ಕಾಂತಕೇಂದ್ರ ಗ್ರಹದ ನಡುವಿನಲ್ಲೇ ಇಲ್ಲ. ತ್ರಿಜ್ಯದ ಸುಮಾರು ಮೂರನೇ ಒಂದು ಭಾಗದಷ್ಟು ಪಕ್ಕಕ್ಕೆ ಸರಿದಿದೆ. ಇದು ಯುರೇನಸ್ ಒಂದರದೇ ಹುಚ್ಚು ಎಂದುಕೊಳ್ಳುವಷ್ಟರಲ್ಲಿ, 1989ರಲ್ಲಿ ಅದೇ ನೌಕೆ ನೆಪ್ಚೂನ್ ಬಳಿ ಹೋಗಿ 47 ಡಿಗ್ರಿ ವಾಲಿದ, ಇನ್ನೂ ದೂರ ಸರಿದ ಕ್ಷೇತ್ರವನ್ನು ಕಂಡಿತು. ಯುರೇನಸ್ ಸುದ್ದಿ ಬಂದ ನಾಲ್ಕೇ ದಿನಕ್ಕೆ ಚಾಲೆಂಜರ್ ದುರಂತ ನಡೆದಿದ್ದರಿಂದ ಆಗ ಜಗತ್ತಿನ ಗಮನ ಅತ್ತ ತಿರುಗಿತ್ತು.

ನಾನು ಮೊದಲು ಹೇಳಿದ ಪಟ್ಟಿಗೆ ಬರುತ್ತೇನೆ. ನೌಕೆ ಹೋದದ್ದು ಒಂದೇ ದಾರಿಯಲ್ಲಿ, ಗೋಳದ ಸುತ್ತ ಎಳೆದ ಒಂದು ದಾರದ ಹಾಗೆ. ಆ ದಾರದ ಮೇಲಿನ ಬೆಲೆಗಳಿಂದ ಎಷ್ಟು ಗುಣಾಂಕ ಸಿಗಬಹುದು? ಮೊದಲ ಹಂತದ 3, ಎರಡನೆಯದರ 5, ಒಟ್ಟು 8 ನಂಬುವಂತೆ ಸಿಕ್ಕವು. ಮೂರನೇ ಹಂತವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಬಿಡಿಸಿದ್ದರು, ಆದರೆ ಅದರ 7 ಸಂಖ್ಯೆಗಳು ಈ ಒಂದು ದಾರಿಯ ಅಳತೆಯಿಂದ ನಿಲ್ಲುವುದಿಲ್ಲ ಎಂದು ಕೊಡಲಿಲ್ಲ. ಎಂಟು ವರ್ಷ ಹಾರಿ, ಮತ್ತೆ ಸಿಗದ ಅವಕಾಶದಲ್ಲಿ ತಂದ ಅಳತೆ. ಮೂರನೇ ಹಂತಕ್ಕೆ ಒಂದಿಷ್ಟು ಬೆಲೆ ತುಂಬಿಸಿದ್ದರೆ ಅಲ್ಲಿಗೆ ಹೋಗಿ ಸುಳ್ಳೆಂದು ತೋರಿಸುವವರು ಯಾರೂ ಇರಲಿಲ್ಲ. ಈವರೆಗೂ ಇಲ್ಲ, ಯುರೇನಸ್ ಬಳಿಗೆ ಮತ್ತೆ ಯಾವ ನೌಕೆಯೂ ಹೋಗಿಲ್ಲ. ಆ ಕೆಲವು ಗಂಟೆಗಳ ಅಳತೆಯನ್ನೇ ಜನ ಇನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾರೆ. ನೌಕೆ ಹೋಗುವ ಸ್ವಲ್ಪ ಮುಂಚೆ ಸೂರ್ಯನಿಂದ ಬೀಸುವ ಕಣಗಳ ಒತ್ತಡ ಹೆಚ್ಚಾಗಿ, ಗ್ರಹದ ಕಾಂತಗೋಳ ಹಿಂಡಿ ಹೋಗಿತ್ತು ಎಂದು 2024ರಲ್ಲಿ ಗೊತ್ತಾಯಿತು. ನಾವು ಯುರೇನಸ್ ಸುತ್ತಲಿನ ಮಾಮೂಲಿ ಸ್ಥಿತಿ ಎಂದುಕೊಂಡದ್ದು ಒಂದು ವಿಶೇಷ ದಿನದ ಸ್ಥಿತಿ.

ಮೊನ್ನೆ ಭಾನುವಾರ ರಿಪೋರ್ಟಿನ ಆ ಪುಟ ತೆಗೆದು ಗ್ರಾಫನ್ನು ಮತ್ತೆ ಹಾಕಿದೆ. ಅಳೆದಷ್ಟು ಚುಕ್ಕೆ ಮಾತ್ರ. 210 ಡಿಗ್ರಿಯಿಂದ ಮುಂದೆ ಖಾಲಿ. ಗೆಳೆಯರಲ್ಲಿ ಇಬ್ಬರು ಒಪ್ಪಿದರು, ಒಬ್ಬ ಇನ್ನೂ ಮಾತಾಡಿಸುತ್ತಿಲ್ಲ. ಹೊರಗಿನ ಪರೀಕ್ಷಕರು ಆ ಖಾಲಿ ಜಾಗದ ಬಗ್ಗೆಯೇ ಕೇಳುತ್ತಾರೆ, ನಾಲ್ವರ ಮಾರ್ಕೂ ಹೋಗುತ್ತದೆ ಎಂದು ಅವನ ಸಿಟ್ಟು. ಕೇಳಲೂಬಹುದು. ಗುರುವಾರ ವೈವಾ ಇದೆ.